ಪ್ರಯಾಣ ಪ್ರಶ್ನೋತ್ತರ: ಎಲೆಯ ಬಣ್ಣ ನೋಡಲು ಯಾವ ಘಾಟಿ, ಯಾವ ತಿಂಗಳು?

ಪ್ರಶ್ನೆ: ಅಕ್ಟೋಬರ್ ಬಂತೆಂದರೆ ಮೊಬೈಲ್ ತುಂಬ ಹೊರದೇಶದ ಕೆಂಪು, ಹಳದಿ ಕಾಡಿನ ಚಿತ್ರಗಳು. ನಮ್ಮ ಘಾಟಿಗಳಲ್ಲಿ ಅಂಥದ್ದು ನೋಡಲು ಸಿಗುತ್ತದೆಯೇ? ದಸರಾ ರಜೆಯಲ್ಲಿ ಮಕ್ಕಳನ್ನು ಕಾರಿನಲ್ಲಿ ಕರೆದೊಯ್ಯುವ ಯೋಚನೆ ಇದೆ.
– ಓದುಗರು, ಬ್ರಹ್ಮಾವರ

ಉತ್ತರ: ದಸರೆಗೆ ಹೋದರೆ ಹಸಿರು ಮಾತ್ರ ಕಾಣುತ್ತದೆ. ಮಳೆಗಾಲದ ತೇವ ನೆಲದಲ್ಲಿ ಇರುವಷ್ಟು ದಿನ ನಮ್ಮ ಮರಗಳಿಗೆ ಎಲೆ ಉದುರಿಸುವ ಅಗತ್ಯವೇ ಬೀಳುವುದಿಲ್ಲ. ಶೀತ ದೇಶಗಳಲ್ಲಿ ಹಗಲು ಕಿರಿದಾಗಿ ರಾತ್ರಿ ತಣ್ಣಗಾದಾಗ ಎಲೆಯ ಪತ್ರಹರಿತ್ತು ಒಡೆದುಹೋಗಿ, ಒಳಗೆ ಮೊದಲೇ ಇದ್ದ ಹಳದಿ ಹೊರಗೆ ಕಾಣುತ್ತದೆ. ಮೇಪಲ್‌ನಂಥ ಮರಗಳು ಆ ಹೊತ್ತಿಗೆ ಆಂಥೋಸಯಾನಿನ್ ಎಂಬ ಕೆಂಪು ವರ್ಣದ್ರವ್ಯವನ್ನೂ ಹೊಸದಾಗಿ ತಯಾರಿಸುತ್ತವೆ. ನಮ್ಮಲ್ಲಿ ಎಲೆ ಉದುರುವುದು ನೀರಿನ ಕೊರತೆಯಿಂದ. ಹಾಗಾಗಿ ಅದು ಡಿಸೆಂಬರ್, ಜನವರಿಯ ನಂತರದ ಮಾತು.

ಇನ್ನೊಂದು ದೊಡ್ಡ ವ್ಯತ್ಯಾಸ ಉಂಟು. ನಮ್ಮ ಕಾಡಿನ ಕಡುಗೆಂಪು ಬಹುಪಾಲು ಸಿಗುವುದು ಹಣ್ಣೆಲೆಯಲ್ಲಲ್ಲ, ಚಿಗುರಿನಲ್ಲಿ. ಎಳೆ ಎಲೆಯಲ್ಲಿ ಪತ್ರಹರಿತ್ತು ತುಂಬುವ ಮೊದಲು ಅದೇ ಆಂಥೋಸಯಾನಿನ್ ಬಿಸಿಲಿನ ಹೊಡೆತವನ್ನು ತಡೆಯುತ್ತದೆ. ಸಾಗಡೆ ಮರ ಇದರಲ್ಲಿ ಮೊದಲನೆಯದು: ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಇಡೀ ಮರ ಕೆಂಪಾಗುತ್ತದೆ. ದೂರದಿಂದ ನೋಡಿದವರು ಹೂ ಬಿಟ್ಟಿದೆ ಎಂದುಕೊಳ್ಳುತ್ತಾರೆ. ನಾಗಸಂಪಿಗೆಯ ಚಿಗುರು ಕಡುಗೆಂಪು, ಕಾಡು ದಾಲ್ಚಿನ್ನಿಯದು ನಸುಗೆಂಪು, ಅಶ್ವತ್ಥದ್ದು ತಾಮ್ರದ ಬಣ್ಣ. ಹೊಳೆದಾಸವಾಳ ಇವುಗಳಂತಲ್ಲ, ಎಲೆ ಉದುರುವ ಮೊದಲು ಕೆಂಪಾಗುವ ಜಾತಿ. ಒಂದೊಂದು ಮರದಲ್ಲಿ ಈ ಬಣ್ಣ ನಿಲ್ಲುವುದು ಒಂದೆರಡು ವಾರ ಅಷ್ಟೇ. ಆದರೆ ಎಲ್ಲ ಮರಗಳೂ ಒಂದೇ ದಿನ ಚಿಗುರುವುದಿಲ್ಲವಾದ್ದರಿಂದ ಫೆಬ್ರವರಿ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಯಾವಾಗ ಹೋದರೂ ಏನಾದರೊಂದು ಸಿಗುತ್ತದೆ. ಹಸಿರು ಕಾಡಿನ ನಡುವೆ ಅಲ್ಲಲ್ಲಿ ಕೆಂಪು, ಕಂದು, ಎಳೆಹಸಿರಿನ ತೇಪೆಗಳು. ಇಡೀ ಬೆಟ್ಟವೇ ಒಂದೇ ಬಣ್ಣಕ್ಕೆ ತಿರುಗುವುದನ್ನು ಇಲ್ಲಿ ನಿರೀಕ್ಷಿಸಬೇಡಿ.

ದಸರೆಯ ಬದಲು ಶಿವರಾತ್ರಿಯ ಆಸುಪಾಸಿನ ಒಂದು ಭಾನುವಾರ ಇಟ್ಟುಕೊಳ್ಳಿ. ಶಿವರಾತ್ರಿಯ ಹಿಂದಿನ ನಾಲ್ಕೈದು ದಿನ ಮಾತ್ರ ಚಾರ್ಮಾಡಿ ಬೇಡ. ಘಟ್ಟದ ಮೇಲಿನಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಬರುವವರು ರಸ್ತೆಯ ಅಂಚಿನಲ್ಲೇ ಹಗಲೂ ರಾತ್ರಿ ನಡೆದಿರುತ್ತಾರೆ.

ಪ್ರಶ್ನೆ: ಮಂಗಳೂರಿನಿಂದ ಹೊರಟು ಅದೇ ದಿನ ವಾಪಸ್ ಬರಬೇಕು. ಚಾರ್ಮಾಡಿ, ಆಗುಂಬೆ, ಕುದುರೆಮುಖ, ಈ ಮೂರರಲ್ಲಿ ಯಾವುದು ಒಳ್ಳೆಯದು?
– ಓದುಗರು, ಸುರತ್ಕಲ್

ಉತ್ತರ: ಒಂದೇ ಆರಿಸಬೇಕೆಂದರೆ ಚಾರ್ಮಾಡಿ. ಎಲೆ ಉದುರಿಸುವ ಮರಗಳಿರುವ ತಪ್ಪಲಿನಿಂದ ಹಿಡಿದು ಮೇಲಿನ ನಿತ್ಯಹರಿದ್ವರ್ಣದ ಕಾಡು, ಹುಲ್ಲುಗಾವಲಿನವರೆಗೆ ಎಲ್ಲವೂ ಒಂದೇ ಏರಿನಲ್ಲಿ ಸಿಗುತ್ತದೆ. ಆಗುಂಬೆ ಮಳೆಕಾಡು. ಅಲ್ಲಿನ ಚಿಗುರು ಚೆಂದವೇ, ಆದರೆ 14 ಹೇರ್‌ಪಿನ್ ತಿರುವಿನ ಕಿರಿದಾದ ರಸ್ತೆಯಲ್ಲಿ ಕಾರು ನಿಲ್ಲಿಸಿ ನೋಡಲು ಜಾಗ ಕಡಿಮೆ. ಉಡುಪಿಯವರಿಗೆ ಮಾತ್ರ ಹಿರಿಯಡಕ, ಹೆಬ್ರಿ, ಸೋಮೇಶ್ವರದ ಮೂಲಕ ಸುಮಾರು 55 ಕಿ.ಮೀ.ಗೆ ಸಿಗುವುದರಿಂದ ಅದೇ ಅನುಕೂಲ.

ಬೆಳಗ್ಗೆ ಬೇಗ ಏಳಬಲ್ಲಿರಾದರೆ ಸುತ್ತು ಹಾಕಿ ಬನ್ನಿ: ಬಿ.ಸಿ. ರೋಡ್, ಬೆಳ್ತಂಗಡಿ, ಉಜಿರೆ, ಚಾರ್ಮಾಡಿ, ಕೊಟ್ಟಿಗೆಹಾರ. ಅಲ್ಲಿಂದ ಹಿರೇಬೈಲು ಮಾರ್ಗವಾಗಿ ಕಳಸ, ಮುಂದೆ ಕುದುರೆಮುಖ, ಎಸ್.ಕೆ. ಬಾರ್ಡರ್, ಮಾಳ, ಬಜಗೋಳಿ, ಕಾರ್ಕಳ, ಮೂಡುಬಿದಿರೆ. ಒಟ್ಟು ಸುಮಾರು 260 ಕಿ.ಮೀ. ಬೆಳಗ್ಗೆ 6ಕ್ಕೆ ಮಂಗಳೂರು ಬಿಟ್ಟರೆ 9ರ ಹೊತ್ತಿಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ, ಮಧ್ಯಾಹ್ನದ ಊಟ ಕಳಸದಲ್ಲಿ. ಕೊಟ್ಟಿಗೆಹಾರದ ಸುತ್ತ ಕಾಫಿ ತೋಟಗಳು. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಗಿಡ ಹೂ ಬಿಡಿಸುವ ಮಳೆ) ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಹೂ ಎರಡು ಮೂರು ದಿನದಲ್ಲಿ ಬಾಡುವುದರಿಂದ ಅಲ್ಲಿ ಪರಿಚಯದವರಿದ್ದರೆ ಫೋನ್ ಮಾಡಿ ಕೇಳಿಯೇ ಹೊರಡಿ.

ಕುದುರೆಮುಖ ಭಾಗ ರಾಷ್ಟ್ರೀಯ ಉದ್ಯಾನ. ಚೆಕ್‌ಪೋಸ್ಟ್‌ನಲ್ಲಿ ವಾಹನದ ವಿವರ, ಸಮಯ ಬರೆಸಬೇಕಾಗುತ್ತದೆ, ನಡುವೆ ಕಂಡಲ್ಲಿ ಕಾರು ನಿಲ್ಲಿಸುವಂತಿಲ್ಲ. ಕತ್ತಲಾಗುವ ಮೊದಲು ಮಾಳ ದಾಟುವ ಹಾಗೆ ಲೆಕ್ಕ ಹಾಕಿ. ಪೆಟ್ರೋಲನ್ನು ಉಜಿರೆಯಲ್ಲೇ ತುಂಬಿಸಿ. ಸುತ್ತನ್ನು ತಿರುಗಿಸಿ ಹೋಗುವವರು ಕಾರ್ಕಳದಲ್ಲಿ.

ಬೆಳಕಿನ ವಿಷಯ ಹೆಚ್ಚಿನವರು ಯೋಚಿಸುವುದಿಲ್ಲ. ನಮ್ಮ ಘಾಟಿಗಳು ಪಡುವಣಕ್ಕೆ ಮುಖ ಮಾಡಿವೆ. ಸೂರ್ಯ ಬೆಟ್ಟದ ಬೆನ್ನಿನಿಂದ ಮೇಲೆ ಬರಬೇಕಾದ್ದರಿಂದ ಬೆಳಗ್ಗೆ ಇಳಿಜಾರೆಲ್ಲ ನೆರಳು. ಆ ಹೊತ್ತಿನಲ್ಲಿ ರಸ್ತೆ ಬದಿಯ ಮರದ ಕೆಳಗೆ ನಿಂತು ಮೇಲೆ ನೋಡಿ: ಬೆಳಕು ಹಾದುಬರುವ ಚಿಗುರಿನ ಕೆಂಪು ಎಷ್ಟೋ ಪಟ್ಟು ಹೆಚ್ಚಾಗಿ ಕಾಣುತ್ತದೆ. ಇಡೀ ಕಣಿವೆಯ ಬಣ್ಣ ತೆರೆದುಕೊಳ್ಳುವುದು ಮಧ್ಯಾಹ್ನ 3ರ ನಂತರ. ಇಳಿಯುವಾಗ ಅದೇ ಸೂರ್ಯ ಎದುರಿಗೆ ಬಂದು ಕಣ್ಣು ಕುಕ್ಕುತ್ತಾನೆ. ಮುಂದಿನ ಗಾಜನ್ನು ಒಳಬದಿಯಿಂದಲೂ ಒರೆಸಿರಬೇಕು, ಇಲ್ಲವಾದರೆ ತಿರುವಿನಲ್ಲಿ ಎದುರು ವಾಹನವೇ ಕಾಣಿಸದು.

ಪ್ರಶ್ನೆ: ಆಗುಂಬೆ ಇಳಿಯುವಾಗ ಚಕ್ರದ ಬಳಿ ಸುಟ್ಟ ವಾಸನೆ ಬಂದು ಬ್ರೇಕ್ ಮೆತ್ತಗಾಯಿತು. ಹೋದ ತಿಂಗಳಷ್ಟೇ ಬ್ರೇಕ್ ಪ್ಯಾಡ್ ಬದಲಿಸಿದ್ದೆವು. ಏನು ಕಾರಣ?
– ಓದುಗರು, ಮಣಿಪಾಲ

ಉತ್ತರ: ಪ್ಯಾಡ್ ಹೊಸದಾದರೂ ಕಾಲು ಬ್ರೇಕ್ ಮೇಲೇ ಇದ್ದರೆ ಡಿಸ್ಕ್ ಕಾದು ಹಿಡಿತ ತಪ್ಪುತ್ತದೆ. ವಾಸನೆ ಅದರದ್ದು. ಪೆಡಲ್ ಮೆತ್ತಗಾಗಲು ಬಹುಶಃ ಬ್ರೇಕ್ ಆಯಿಲ್ ಹಳೆಯದಾಗಿರುವುದು ಕಾರಣ. ಆ ಆಯಿಲ್ ಗಾಳಿಯ ತೇವ ಹೀರುತ್ತದೆ. ನೀರು ಸೇರಿದ ಆಯಿಲ್ ಬೇಗ ಕುದಿದು ಆವಿಯ ಗುಳ್ಳೆಗಳಾಗುತ್ತವೆ, ಪೆಡಲ್ ಒತ್ತಿದರೆ ಗುಳ್ಳೆ ಅದುಮುತ್ತದೆಯೇ ಹೊರತು ಬ್ರೇಕ್ ಹಿಡಿಯುವುದಿಲ್ಲ. ಕರಾವಳಿಯ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸಲೇಬೇಕು. ಮೇಲಿಂದ ಸ್ವಲ್ಪ ತುಂಬಿಸಿದರೆ ಸಾಲದು. ಗಾಡಿಯನ್ನು ಮತ್ತೆ ಘಾಟಿಗೆ ಒಯ್ಯುವ ಮೊದಲು ಈ ಕೆಲಸ ಮಾಡಿಸಿ.

ಇಳಿಯುವಾಗ, ಹತ್ತಲು ಯಾವ ಗೇರ್ ಬೇಕಾಗಿತ್ತೋ ಅದೇ ಗೇರಿನಲ್ಲಿ ಇಳಿಯಿರಿ: ಸಾಮಾನ್ಯವಾಗಿ ಎರಡನೆಯದು, ಕಡಿದಾದ ತಿರುವಿನಲ್ಲಿ ಒಂದನೆಯದು. ಆಟೋಮ್ಯಾಟಿಕ್ ಕಾರಿನಲ್ಲಿ ಡಿ ಬಿಟ್ಟು ಎಲ್ ಅಥವಾ ಮ್ಯಾನುಯಲ್ ಮೋಡ್‌ಗೆ ಹಾಕಿ. ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಇರಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ನ್ಯೂಟ್ರಲ್‌ನಲ್ಲಿ, ಅದಕ್ಕಿಂತ ಹೆಚ್ಚಾಗಿ ಎಂಜಿನ್ ಆಫ್ ಮಾಡಿ ಇಳಿಯುವುದು ಜೀವಕ್ಕೆ ಅಪಾಯ. ಎಂಜಿನ್ ನಿಂತರೆ ಬ್ರೇಕಿಗೂ ಸ್ಟೀರಿಂಗಿಗೂ ಸಿಗುವ ನೆರವು ನಿಲ್ಲುತ್ತದೆ.

ವಾಸನೆ ಬಂದರೆ ಅಗಲ ಇರುವಲ್ಲಿ ಬದಿಗೆ ನಿಲ್ಲಿಸಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಅರ್ಧ ಗಂಟೆ ಕಾಯಿರಿ. ಬಿಸಿ ಡಿಸ್ಕ್‌ಗೆ ನೀರು ಹಾಕಬೇಡಿ, ಬಿರುಕು ಬಿಡಬಹುದು ಅಥವಾ ಸೊಟ್ಟಗಾಗಬಹುದು. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆದೇ ಹೊರಡಿ. ಹಿಂದೆ ಬರುವ ಬೈಕಿನವರಿಗೆ ಅದು ಕಾಣುವುದಿಲ್ಲ. ಕಿರಿದಾದಲ್ಲಿ ಹತ್ತುವ ವಾಹನಕ್ಕೆ ಮೊದಲ ದಾರಿ ಎಂಬುದು ಕಾನೂನು, ಇಳಿಯುವವರು ನಿಂತು ಬಿಟ್ಟುಕೊಡಬೇಕು. ಗೇರ್ ಇಲ್ಲದ ಸ್ಕೂಟರಿನವರಿಗೆ ಎಂಜಿನ್ನಿನ ಹಿಡಿತ ತೀರಾ ಕಡಿಮೆ. ಎರಡೂ ಬ್ರೇಕ್ ಬಳಸಿ, ಮೂರು ನಾಲ್ಕು ತಿರುವಿಗೊಮ್ಮೆ ನಿಂತು ಬ್ರೇಕ್ ತಣ್ಣಗಾಗಲು ಬಿಡಲಿ.

ಪ್ರಶ್ನೆ: ಉದುರಿದ ಎಲೆಯ ರಾಶಿಯಲ್ಲಿ ಮಕ್ಕಳನ್ನು ಕೂರಿಸಿ ಫೋಟೊ ತೆಗೆಯುವ ಆಸೆ. ಹಾವಿನ ಭಯವೊಂದೇ ತಾನೇ?
– ಓದುಗರು, ಕಾರ್ಕಳ

ಉತ್ತರ: ಹಾವಿಗಿಂತ ಉಣುಗಿನ ಭಯ ದೊಡ್ಡದು. ದಯವಿಟ್ಟು ಈ ಆಸೆಯನ್ನು ಕೈಬಿಡಿ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಇವತ್ತಿಗೂ ಮಲೆನಾಡಿನ ಬದಿಯಲ್ಲಿ ಪ್ರತಿ ವರ್ಷ ಕಾಣಿಸಿಕೊಳ್ಳುತ್ತದೆ. ಅದನ್ನು ಹರಡುವ ಎಳೆ ಉಣುಗುಗಳು ತರಗೆಲೆಯ ಮೇಲೆ ಹೆಚ್ಚಾಗಿರುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಎಲೆ ನೋಡಲು ಹೋಗುವ ಕಾಲದಲ್ಲೇ. ಗಾತ್ರ ಎಳ್ಳಿಗಿಂತ ಸಣ್ಣದು, ಕಚ್ಚಿದ್ದೂ ಗೊತ್ತಾಗುವುದಿಲ್ಲ.

ಡಾಂಬರು ರಸ್ತೆಯ ಅಂಚಿನಲ್ಲೇ ನಿಂತು ನೋಡಿ. ಕಾಡಿನೊಳಗೆ ಕಾಲಿಡುವುದಾದರೆ ಪೂರ್ಣ ತೋಳು, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯುವುದು. ಕಂಕುಳು, ಕಿವಿಯ ಹಿಂದೆ, ಮೊಣಕಾಲಿನ ಹಿಂದೆ ಹುಡುಕಿ. ಮುಂದಿನ ಒಂದು ವಾರ ಹತ್ತು ದಿನದೊಳಗೆ ಒಮ್ಮೆಲೇ ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದನ್ನು ತಪ್ಪದೆ ಹೇಳಬೇಕು. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ. ಬದುಕಿರುವ ಮಂಗಗಳಿಗೆ ತಿಂಡಿ ಹಾಕುವುದೂ ಬೇಡ. ತಿಂಡಿಗಾಗಿ ರಸ್ತೆಗೆ ಬಂದು ಗಾಡಿಯಡಿ ಸಿಕ್ಕಿ ಸಾಯುತ್ತವೆ.

ಹಾಗೆಯೇ ಬೆಂಕಿ. ಒಣಗಿದ ತರಗೆಲೆಗೆ ಒಂದು ಬೀಡಿತುಂಡು ಸಾಕು, ಗುಡ್ಡವೇ ಹೋಗುತ್ತದೆ.

ಪ್ರಶ್ನೆ: ಜನವರಿಯಲ್ಲಿ ಸುಳ್ಯ, ಬೆಳ್ತಂಗಡಿ ಕಡೆ ಗುಡ್ಡಗಳೇ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತವೆ. ಯಾವ ಮರ?
– ಓದುಗರು, ಪುತ್ತೂರು

ಉತ್ತರ: ರಬ್ಬರ್. ಡಿಸೆಂಬರ್, ಜನವರಿಯಲ್ಲಿ ಅದರ ಎಲೆ ಹಳದಿ, ಕಿತ್ತಳೆ, ಕೆಂಪಾಗಿ ಉದುರುತ್ತದೆ, ಬೆನ್ನಿಗೇ ತಾಮ್ರದ ಬಣ್ಣದ ಚಿಗುರು. ಶೀತ ದೇಶದ ಎಲೆಗಾಲಕ್ಕೆ ನಮ್ಮ ಜಿಲ್ಲೆಯಲ್ಲಿ ಅತಿ ಹತ್ತಿರದ ನೋಟ ಇದೇ. ಒಂದೇ ಜಾತಿಯ ಮರ ಸಾಲಾಗಿ ಇರುವುದರಿಂದ ಗುಡ್ಡ ಪೂರ್ತಿ ಒಟ್ಟಿಗೇ ಬಣ್ಣ ತಿರುಗುತ್ತದೆ. ತೋಟಗಳು ಖಾಸಗಿ, ಕೇಳದೆ ಒಳಗೆ ಹೋಗಬಾರದು. ಪೇಟೆಯಿಂದ ಹೊರಗೆ ಹೋಗಲಾಗದ ಹಿರಿಯರಿಗೆ ಮಲ್ಪೆ, ಪಣಂಬೂರು ಕಡೆಯ ಬಾದಾಮಿ ಮರಗಳಿವೆ. ಅವುಗಳ ಅಗಲ ಎಲೆ ಉದುರುವ ಮೊದಲು ಅಪ್ಪಟ ಕೆಂಪಾಗುತ್ತದೆ.

ಪ್ರಶ್ನೆ: ದೀಪಾವಳಿ ರಜೆಗೆ ಕಾಶ್ಮೀರಕ್ಕೆ ಚಿನಾರ್ ನೋಡಲು ಹೋಗಬಹುದೇ?
– ಓದುಗರು, ಕುಂದಾಪುರ

ಉತ್ತರ: ದೀಪಾವಳಿ ಯಾವಾಗ ಬಂದಿದೆ ಎಂಬುದರ ಮೇಲೆ ಹೋಗುತ್ತದೆ. ಶ್ರೀನಗರದಲ್ಲಿ ಚಿನಾರ್ ಮರ ಬಣ್ಣ ತಿರುಗುವುದು ಅಕ್ಟೋಬರ್ ಕೊನೆಯ ವಾರದಿಂದ, ತುಂಬು ಬಣ್ಣ ನವೆಂಬರ್ ಮೊದಲ ಹತ್ತು ಹನ್ನೆರಡು ದಿನ. ಹಬ್ಬ ಅಕ್ಟೋಬರ್ ಮೂರನೇ ವಾರಕ್ಕೆ ಬಂದ ವರ್ಷ ಹೋದರೆ ಹಸಿರೇ ಜಾಸ್ತಿ. ಹಜರತ್‌ಬಲ್ ಬಳಿ ಕಾಶ್ಮೀರ ವಿಶ್ವವಿದ್ಯಾಲಯದ ಆವರಣದಲ್ಲಿರುವ ನಸೀಮ್ ಬಾಗ್‌ಗೆ ಅರ್ಧ ದಿನ ಕೊಡಿ. ನಿಶಾತ್, ಶಾಲಿಮಾರ್ ಉದ್ಯಾನಗಳೂ ಅಲ್ಲೇ ದಾಲ್ ಸರೋವರದ ದಂಡೆಯಲ್ಲಿವೆ. ಅದೇ ದಿನಗಳಲ್ಲಿ ಪಾಂಪೋರ್‌ನಲ್ಲಿ ಕೇಸರಿ ಹೂ ಬಿಟ್ಟಿರುತ್ತದೆ, ಬೆಳಗ್ಗೆ ಬೇಗ ಹೋದರೆ ಕೊಯ್ಲು ನೋಡಬಹುದು.

ಇಲ್ಲಿನ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ. ಪಹಲ್ಗಾಮ್‌ನ ಒಳಗಿನ ಕಣಿವೆಗಳಿಗೆ ಸ್ಥಳೀಯ ಟ್ಯಾಕ್ಸಿಯನ್ನೇ ಹಿಡಿಯಬೇಕು, ಶ್ರೀನಗರದಿಂದ ತಂದ ಬಾಡಿಗೆ ಕಾರು ಅಲ್ಲಿ ನಿಲ್ಲುತ್ತದೆ. ಆ ಖರ್ಚನ್ನು ಬೇರೆಯೇ ಇಟ್ಟುಕೊಳ್ಳಿ. ಸಂಜೆ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ರಾತ್ರಿ ಚಳಿ ಐದು ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಯಾವ ತಾಣಗಳು ತೆರೆದಿವೆ ಎಂದು ಹೊರಡುವ ವಾರ ಇನ್ನೊಮ್ಮೆ ವಿಚಾರಿಸಿ.

ಪ್ರಶ್ನೆ: ಮಗಳು ಬಾಸ್ಟನ್‌ನಲ್ಲಿದ್ದಾಳೆ. ಎಲೆ ನೋಡಲು ಯಾವ ರಸ್ತೆ, ಯಾವ ವಾರಕ್ಕೆ ಟಿಕೆಟ್ ಮಾಡಿಸಬೇಕು?
– ಓದುಗರು, ಮಂಗಳೂರು

ಉತ್ತರ: ಅಲ್ಲಿ ಬಣ್ಣ ಉತ್ತರದಿಂದ ದಕ್ಷಿಣಕ್ಕೆ, ಬೆಟ್ಟದ ತಲೆಯಿಂದ ಬುಡಕ್ಕೆ ಇಳಿಯುತ್ತದೆ. ನ್ಯೂ ಹ್ಯಾಂಪ್‌ಶೈರ್‌ನ ಬೆಟ್ಟಗಳಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದೊಳಗೆ, ಬಾಸ್ಟನ್ ಊರಲ್ಲಿ ಅಕ್ಟೋಬರ್ ಕೊನೆಗೆ. ಆದ್ದರಿಂದ ಒಂದೇ ದಿನಕ್ಕೆ ಗಂಟು ಬೀಳದೆ ಸೆಪ್ಟೆಂಬರ್ 25ರ ಸುಮಾರಿಗೆ ತಲುಪಿ ಒಂದು ತಿಂಗಳು ಇರುವಂತೆ ಟಿಕೆಟ್ ಮಾಡಿಸಿ. ಆಗ ಎರಡೂ ಸಿಗುತ್ತವೆ. ಲಿಂಕನ್ ಮತ್ತು ಕಾನ್ವೇ ಊರುಗಳ ನಡುವಿನ ಕ್ಯಾಂಕಮಾಗಸ್ ಹೆದ್ದಾರಿ ಸುಮಾರು 55 ಕಿ.ಮೀ., ಬಾಸ್ಟನ್‌ನಿಂದ ಲಿಂಕನ್‌ಗೆ ಕಾರಿನಲ್ಲಿ ಎರಡು ಎರಡೂವರೆ ಗಂಟೆ. ಆ 55 ಕಿ.ಮೀ.ನಲ್ಲಿ ಪೆಟ್ರೋಲ್ ಬಂಕ್ ಒಂದೂ ಇಲ್ಲ, ಮೊಬೈಲ್ ಸಿಗ್ನಲ್ಲೂ ಸರಿ ಸಿಗದು. ನಕ್ಷೆ ಮೊದಲೇ ಇಳಿಸಿಕೊಳ್ಳಬೇಕು. ಅಕ್ಟೋಬರ್ ಎರಡನೇ ಸೋಮವಾರ ಅಲ್ಲಿ ಸರ್ಕಾರಿ ರಜೆ. ಅದಕ್ಕೆ ಸೇರಿದ ಶನಿವಾರ, ಭಾನುವಾರ ರಸ್ತೆ ತುಂಬಿ ವಾಹನ ತೆವಳುತ್ತದೆ, ರೂಮುಗಳೂ ತಿಂಗಳುಗಟ್ಟಲೆ ಮೊದಲೇ ಮುಗಿದಿರುತ್ತವೆ. ಮಗಳಿಗೆ ವಾರದ ನಡುವೆ ಒಂದು ರಜೆ ಹಾಕಲು ಹೇಳಿ. ನೀವೂ ಓಡಿಸುವುದಾದರೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ, ಅದರ ಅವಧಿ ಒಂದು ವರ್ಷ.

ಪ್ರಶ್ನೆ: ಕಾರು ಇಲ್ಲ, ಅಮ್ಮನಿಗೆ ತಿರುವಿನಲ್ಲಿ ವಾಂತಿ. ಬೇರೆ ದಾರಿ?
– ಓದುಗರು, ಉಳ್ಳಾಲ

ಉತ್ತರ: ರೈಲು. ಮಂಗಳೂರು ಜಂಕ್ಷನ್‌ನಿಂದ ಯಶವಂತಪುರಕ್ಕೆ ಹೋಗುವ ಹಗಲು ರೈಲಿಗೆ 2021ರಿಂದ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿ ಇದೆ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ ಘಾಟಿ ಹಗಲಲ್ಲೇ ದಾಟುತ್ತದೆ, ಬಸ್ಸಿನಂತೆ ಕುಲುಕಾಟ ಇಲ್ಲ. ರೈಲು ವಾರದ ಎಲ್ಲ ದಿನ ಇರುವುದಿಲ್ಲ, ದಿನ ಮತ್ತು ಸಮಯ ನೋಡಿಯೇ ಟಿಕೆಟ್ ಮಾಡಿಸಿ. ಅಮ್ಮನನ್ನು ರೈಲು ಓಡುವ ದಿಕ್ಕಿಗೆ ಮುಖ ಮಾಡಿ ಕೂರಿಸಿ, ಹೊಟ್ಟೆ ಖಾಲಿಯೂ ಬೇಡ, ತುಂಬಿಯೂ ಬೇಡ. ಸಕಲೇಶಪುರದಲ್ಲಿ ಇಳಿದು ರಾತ್ರಿ ಉಳಿದರೆ ಮರುದಿನ ಕಾಫಿ ತೋಟದ ರಸ್ತೆಗಳಲ್ಲಿ ಆಟೋದಲ್ಲಿ ಮೆಲ್ಲಗೆ ಸುತ್ತಬಹುದು.