ದೇಶದ ಸಾಲವನ್ನು ತಲೆಗಿಷ್ಟು ಅಂತ ಭಾಗಿಸಬೇಡಿ

ಉಡುಪಿಯಲ್ಲಿ ಬಿ.ಕಾಂ. ಓದುತ್ತಿರುವ ನೀವು ಕೇಳಿದ್ದು ಇಷ್ಟು: ಕೇಂದ್ರ ಸರ್ಕಾರದ ಸಾಲ ಸುಮಾರು 200 ಲಕ್ಷ ಕೋಟಿ ಅಂತಾರೆ, ನಮ್ಮ ತಲೆಗೆ ಎಷ್ಟು ಬರುತ್ತದೆ, ಇದನ್ನು ತೀರಿಸುವುದು ಯಾವಾಗ? ಒಂದು ಕಾಲದಲ್ಲಿ ನನ್ನ ತಲೆಯನ್ನೂ ಕೊರೆದ ಪ್ರಶ್ನೆಗಳೇ ಇವು. ಎರಡೂ ಕೇಳಬೇಕಾದ ಪ್ರಶ್ನೆಗಳಲ್ಲ ಮಾರಾಯ್ರೆ.

ಭಾಗಿಸಿದರೆ ಲೆಕ್ಕವೇನೋ ಬರುತ್ತದೆ. ಸುಮಾರು 145 ಕೋಟಿ ಜನ, ತಲೆಗೆ 1.38 ಲಕ್ಷ ರೂಪಾಯಿ. ಆದರೆ ಆ ಅಂಕಿಯಲ್ಲಿ ಸಾಲ ತೆಗೆದುಕೊಂಡವರು ಮಾತ್ರ ಕಾಣುತ್ತಾರೆ, ಕೊಟ್ಟವರು ಕಾಣುವುದಿಲ್ಲ. ಕೊಟ್ಟವರು ಹೆಚ್ಚಿನಂಶ ನಾವೇ. ಮಂಗಳೂರಿನ ಹಂಪನಕಟ್ಟೆಯ ಯಾವುದಾದರೂ ಬ್ಯಾಂಕಿನಲ್ಲಿ 1 ಲಕ್ಷದ ಎಫ್‌ಡಿ ಇಟ್ಟರೆ, ಎಸ್‌ಎಲ್‌ಆರ್ ನಿಯಮದಂತೆ ಬ್ಯಾಂಕ್ ಅದರಲ್ಲಿ 18 ಸಾವಿರವನ್ನು ಸರ್ಕಾರಿ ಬಾಂಡ್ (ಸರ್ಕಾರ ಕೊಡುವ ಸಾಲಪತ್ರ), ಚಿನ್ನ, ನಗದು ಇಂಥದ್ದರಲ್ಲೇ ಇಡಬೇಕು. ಇಡುವುದು ಬಹುಪಾಲು ಬಾಂಡಿನಲ್ಲಿ. ಎಲ್‌ಐಸಿ ಪ್ರೀಮಿಯಂ, ಪಿಎಫ್, ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ, ಎಲ್ಲದರ ದಾರಿಯೂ ಅತ್ತಲೇ. 1906ರಿಂದ 1931ರೊಳಗೆ ಕೆನರಾ, ಕಾರ್ಪೊರೇಷನ್, ಕರ್ನಾಟಕ, ಸಿಂಡಿಕೇಟ್, ವಿಜಯಾ ಅಂತ ಐದು ಬ್ಯಾಂಕ್ ಹುಟ್ಟಿಸಿದ ಊರುಗಳು ನಮ್ಮವು. ಇಲ್ಲಿ ಪಿಗ್ಮಿ ಕಟ್ಟುವ ಅಂಗಡಿಯವರ ದುಡ್ಡೂ ಆ 200 ಲಕ್ಷ ಕೋಟಿಯೊಳಗೆ ಸ್ವಲ್ಪವಾದರೂ ಉಂಟು.

ಈಗ ತೀರಿಸುವ ಮಾತು. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ. ಮನೆ ಸಾಲಕ್ಕೆ ಕೊನೆಯ ಕಂತು ಅಂತ ಒಂದಿರುತ್ತದೆ, ಯಾಕೆಂದರೆ ಸಾಲಗಾರನಿಗೆ ವಯಸ್ಸಾಗುತ್ತದೆ, ಸಂಬಳ ನಿಲ್ಲುತ್ತದೆ. ಸರ್ಕಾರಕ್ಕೆ ನಿವೃತ್ತಿ ಇಲ್ಲ. ‘6.79 ಜಿಎಸ್ 2034’ ಎಂಬ ಬಾಂಡನ್ನೇ ನೋಡಿ. ಮುಖಬೆಲೆ 100 ರೂಪಾಯಿ ಆದರೆ ಆರಾರು ತಿಂಗಳಿಗೆ 3.395 ರೂಪಾಯಿ ಬಡ್ಡಿ, 2034ರಲ್ಲಿ ಅಸಲು 100 ವಾಪಸ್. ಆ ನೂರನ್ನು ಸರ್ಕಾರ ಎಲ್ಲಿಂದ ತರುತ್ತದೆ? ಸಾಮಾನ್ಯವಾಗಿ ಹೊಸ ಬಾಂಡ್ ಮಾರಿ. 2025-26ರ ಬಜೆಟ್‌ನಲ್ಲಿ ಬಾಂಡ್ ಮಾರಿ ಎತ್ತುವ ಒಟ್ಟು ಸಾಲ 14.82 ಲಕ್ಷ ಕೋಟಿ, ನಿವ್ವಳ 11.54 ಲಕ್ಷ ಕೋಟಿ. ನಡುವಿನ 3.28 ಲಕ್ಷ ಕೋಟಿ ಹಳೆಯ ಬಾಂಡ್ ತೀರಿಸಲಿಕ್ಕೇ ಹೋಗುತ್ತದೆ. ಒಟ್ಟು ಅಂಕಿಯನ್ನೇ ‘ಈ ವರ್ಷದ ಹೊಸ ಸಾಲ’ ಅಂದುಕೊಂಡರೆ ಲೆಕ್ಕ ಅಲ್ಲೇ ಕೆಟ್ಟಿತು.

ಅಸಲು ಹೀಗೆ ಉರುಳುತ್ತಲೇ ಇರುತ್ತದೆಯಾದರೆ ಸಾಲ ಕಡಿಮೆ ಆಗುವುದು ಹೇಗೆ? ರೂಪಾಯಿಯಲ್ಲಿ ಆಗುವುದಿಲ್ಲ, ಜಿಡಿಪಿಯ, ಅಂದರೆ ದೇಶದ ಒಂದು ವರ್ಷದ ಒಟ್ಟು ಉತ್ಪಾದನೆಯ ಮೌಲ್ಯದ, ಪಾಲಾಗಿ ಆಗುತ್ತದೆ. ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. 2024-25ರ ಕೊನೆಗೆ ಸಾಲ ಜಿಡಿಪಿಯ ಶೇ. 57.1. ಮರುವರ್ಷ ಜಿಡಿಪಿ, ಬೆಲೆಯೇರಿಕೆಯೂ ಸೇರಿ, ಶೇ. 10.1 ಬೆಳೆಯುತ್ತದೆ ಅಂತ ಬಜೆಟ್ ಅಂದಾಜು. 57.1ನ್ನು 1.101ರಿಂದ ಭಾಗಿಸಿ, 51.9 ಬಂತು. ಆ ವರ್ಷದ ವಿತ್ತೀಯ ಕೊರತೆ, ಅಂದರೆ ಆದಾಯ ಸಾಲದೆ ಸಾಲ ಮಾಡಿ ತುಂಬುವ ಮೊತ್ತ, ಜಿಡಿಪಿಯ ಶೇ. 4.4 ಕೂಡಿಸಿ, 56.3. ಬಜೆಟ್ ಕೊಟ್ಟ ಅಂಕಿ 56.1. 15.69 ಲಕ್ಷ ಕೋಟಿ ಕೊರತೆ ಮಾಡಿಕೊಂಡೂ ಸಾಲದ ಭಾರ ಒಂದು ಅಂಶ ಇಳಿಯಿತು! ಇನ್ನೊಮ್ಮೆ 1.101ರ ಜಾಗದಲ್ಲಿ 1.06 ಹಾಕಿ ನೋಡಿ, 58 ದಾಟುತ್ತದೆ. ದೇಶದ ಸಾಲ ಏರುವುದೂ ಇಳಿಯುವುದೂ ಈ ಭಾಗಾಕಾರದಲ್ಲಿ. 2031ರ ಮಾರ್ಚ್ ಹೊತ್ತಿಗೆ ಇದನ್ನು ಶೇ. 50ರ ಆಸುಪಾಸಿಗೆ ತರುವುದು ಕೇಂದ್ರದ ಗುರಿ.

ಗಾತ್ರ ಮನಸ್ಸಿಗೆ ಇಳಿಯಬೇಕಾದರೆ ಅಸಲು ಬಿಡಿ, ಬಡ್ಡಿ ಹಿಡಿಯಿರಿ. ನೋಟು ಜೋಡಿಸಿದರೆ ಚಂದ್ರನವರೆಗೆ ಹೋಗುತ್ತದೆ ಎಂಬಂಥ ಲೆಕ್ಕ ಬಾಯಿ ಬಿಡಿಸುತ್ತದೆ ಹೊರತು ಏನನ್ನೂ ಕಲಿಸುವುದಿಲ್ಲ. 2025-26ರ ಬಡ್ಡಿ ಪಾವತಿ 12.76 ಲಕ್ಷ ಕೋಟಿ, ದಿನಕ್ಕೆ ಸುಮಾರು 3,500 ಕೋಟಿ. ಅದೇ ವರ್ಷದ ಕರ್ನಾಟಕ ಬಜೆಟ್ ಗಾತ್ರ 4.09 ಲಕ್ಷ ಕೋಟಿ. ಮಂಗಳೂರಿನಿಂದ ಬೀದರ್‌ವರೆಗಿನ ರಾಜ್ಯ ಸರ್ಕಾರದ ಶಾಲೆ, ಆಸ್ಪತ್ರೆ, ರಸ್ತೆ, ಸಂಬಳ, ಪಿಂಚಣಿ, ಗ್ಯಾರಂಟಿ ಎಲ್ಲ ಸೇರಿದ ವರ್ಷದ ಖರ್ಚು ಕೇಂದ್ರದ ನಾಲ್ಕೇ ತಿಂಗಳ ಬಡ್ಡಿ. ಇಡೀ ವರ್ಷದ ಬಡ್ಡಿಯೋ, ಕೇಂದ್ರ ರಕ್ಷಣೆಗೆ ಇಟ್ಟ 6.81 ಲಕ್ಷ ಕೋಟಿಯ ಹತ್ತಿರಹತ್ತಿರ ಎರಡರಷ್ಟು.

ಈ ಬಡ್ಡಿಯನ್ನು ಕೇಂದ್ರ ಸರ್ಕಾರದ ಅದೇ ವರ್ಷದ ರಾಜಸ್ವ ಆದಾಯ (ತೆರಿಗೆ ಮುಂತಾದವುಗಳ ಗಳಿಕೆ) 34.20 ಲಕ್ಷ ಕೋಟಿಯಿಂದ ಭಾಗಿಸಿ. ಶೇ. 37. ನನಗೆ ಚಿಂತೆ ಇರುವುದು ಈ ಅಂಕಿಯದ್ದು, 200 ಲಕ್ಷ ಕೋಟಿಯದ್ದಲ್ಲ. ನೂರು ರೂಪಾಯಿ ಬಂದರೆ ಕೆಲಸ ಶುರುವಾಗುವ ಮೊದಲೇ 37 ಹೋಯಿತು. ಇದು ಬಹಳ ಜಾಸ್ತಿ.

‘ಶ್ರೀಲಂಕಾ ಥರ ಆಗುತ್ತದೆ’ ಅನ್ನುವವರಿಗೆ: ಶ್ರೀಲಂಕಾ 2022ರಲ್ಲಿ ಕೈಚೆಲ್ಲಿದ್ದು ವಿದೇಶಿ ಸಾಲ ಕಟ್ಟಲು ಡಾಲರ್ ಇಲ್ಲದೆ. 1991ರಲ್ಲಿ ನಾವು ಸುಮಾರು 47 ಟನ್ ಚಿನ್ನ ಅಡವಿಟ್ಟದ್ದೂ ಡಾಲರ್ ಕೊರತೆಗೇ. ಜಪಾನಿನ ಸಾಲ ಜಿಡಿಪಿಯ ಎರಡು ಪಟ್ಟಿಗಿಂತ ಹೆಚ್ಚಿದ್ದರೂ ನಡೆಯುತ್ತಿದೆ, ಅದು ಯೆನ್‌ನಲ್ಲಿದೆ. ನಮ್ಮ ಕೇಂದ್ರದ ಸಾಲವೂ ಬಹುಪಾಲು ರೂಪಾಯಿಯದ್ದು. 2025ರ ಮಾರ್ಚ್‌ನಲ್ಲಿ ದೇಶದ ವಿದೇಶಿ ಸಾಲ 736 ಬಿಲಿಯನ್ ಡಾಲರ್ ಅಂತ ಓದಿದ್ದರೆ, ಅದರಲ್ಲಿ ಸರ್ಕಾರದ ಪಾಲು ಕಾಲು ಭಾಗಕ್ಕಿಂತ ಕಡಿಮೆ, ಉಳಿದದ್ದು ಕಂಪನಿ, ಬ್ಯಾಂಕ್ ಮುಂತಾದವರದ್ದು. ಅದನ್ನು 200 ಲಕ್ಷ ಕೋಟಿಗೆ ಕೂಡಿಸಿದರೆ ಕೆಲವು ಸಾಲ ಎರಡು ಸಲ ಎಣಿಸಿದಂತೆ.

ರಾಜ್ಯಗಳ ಸಾಲ ಬೇರೆಯೇ ಲೆಕ್ಕ. ಕರ್ನಾಟಕದ್ದು 2025-26ರ ಕೊನೆಗೆ 7.65 ಲಕ್ಷ ಕೋಟಿ ಅಂತ ಅಂದಾಜು, ರಾಜ್ಯದ ಜಿಡಿಪಿಯ ಶೇ. 24.91. ಫೆಬ್ರವರಿ 1ಕ್ಕೆ ಕೇಂದ್ರ ಬಜೆಟ್ ಬಂದಾಗ ಭಾಷಣ ಕೇಳುತ್ತಾ ಕೂರಬೇಡಿ. ‘ಬಜೆಟ್ ಅಟ್ ಎ ಗ್ಲಾನ್ಸ್’ ಎಂಬ ಪುಸ್ತಿಕೆ ತೆರೆದು ರಾಜಸ್ವ ಆದಾಯ, ಬಡ್ಡಿ, ವಿತ್ತೀಯ ಕೊರತೆ, ಜಿಡಿಪಿ ಅಂದಾಜು ಈ ನಾಲ್ಕನ್ನು ಬರೆದುಕೊಳ್ಳಿ. ಹಿಂದಿನ ವರ್ಷದ ಕೊನೆಗೆ ಸಾಲ ಜಿಡಿಪಿಯ ಶೇ. ಎಷ್ಟಿತ್ತು ಎಂಬುದೂ ಕೈಯಲ್ಲಿದ್ದರೆ, ಮೇಲಿನ ಎರಡೂ ಭಾಗಾಕಾರಕ್ಕೆ ಅಷ್ಟು ಸಾಕು.