ಮೈಸೂರಿಂದ ವಿದ್ಯಾನಗರಕ್ಕೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ಸೊಂಟನೋವಿರುವ ಅಪ್ಪನನ್ನು ಮಂಡ್ಯದಿಂದ ತೋರಣಗಲ್ಲಿನ ಅಕ್ಕನ ಮನೆಗೆ ಕರೆದುಕೊಂಡು ಹೋಗಬೇಕು, ಮೈಸೂರಿನಿಂದ ಅಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣಕ್ಕೆ ಎಷ್ಟು ದೂರ, ಎಷ್ಟು ಹೊತ್ತು ಅಂತ ಕೇಳಿದ್ದೀರಿ. ನೇರ ಹಾರಿದರೆ ಸುಮಾರು 326 ಕಿಲೋಮೀಟರ್. ಆಕಾಶದಲ್ಲಿರುವ ಹೊತ್ತು ಸುಮಾರು 50 ನಿಮಿಷ.

ಈ ಲೆಕ್ಕ ನೀವೇ ಕಾಗದದ ಮೇಲೆ ಮಾಡಬಹುದು. ಎರಡೂ ನಿಲ್ದಾಣ ಹೆಚ್ಚುಕಮ್ಮಿ ಒಂದೇ ರೇಖಾಂಶದಲ್ಲಿವೆ, 76.6 ಡಿಗ್ರಿ ಪೂರ್ವ. ಅಂದರೆ ವಿದ್ಯಾನಗರ ಇರುವುದು ನಮಗೆ ನೆಟ್ಟಗೆ ಉತ್ತರಕ್ಕೆ. ಮೈಸೂರಿನ ನಿಲ್ದಾಣವಿರುವ ಮಂಡಕಳ್ಳಿಯ ಅಕ್ಷಾಂಶ 12.23, ಅಲ್ಲಿಯದು 15.17. ಕಳೆದರೆ 2.94. ಒಂದು ಡಿಗ್ರಿಗೆ 111 ಕಿ.ಮೀ. ಹಿಡಿದು ಗುಣಿಸಿ, ಅಷ್ಟೇ. ನಕ್ಷೆಯಲ್ಲಿ ಗೆರೆ ಎಳೆದು ನೋಡಿ, ತುಂಬಾ ಚೆನ್ನಾಗಿದೆ: ಮೇಲುಕೋಟೆ, ಹಿರಿಯೂರು, ಚಳ್ಳಕೆರೆ ಮೂರೂ ಆ ಗೆರೆಯ ಮೇಲೇ ಬರುತ್ತವೆ, ಕನ್ನಂಬಾಡಿ ಮತ್ತು ಮಾರಿಕಣಿವೆ ನೀರು ಎಡಗಡೆ ಉಳಿಯುತ್ತದೆ, ಕೊನೆಗೆ ಸಂಡೂರಿನ ಗುಡ್ಡಗಳು.

ಈಗ ಸಮಯದ ವಿಷಯ. ಮೈಸೂರಿನ ರನ್‌ವೇ ಸುಮಾರು 1,740 ಮೀಟರ್, ಹಾಗಾಗಿ ಇಲ್ಲಿ ಓಡುವುದು ಎಂಜಿನ್ ಮುಂದೆ ಫ್ಯಾನ್ ತಿರುಗುವ ಎಟಿಆರ್ ಎಂಬ ಸಣ್ಣ ವಿಮಾನ. ಅದರ ವೇಗ ಗಂಟೆಗೆ 500 ಕಿ.ಮೀ. ಹತ್ತಿರ. ಬರೀ ಭಾಗಿಸಿದರೆ 39 ನಿಮಿಷ ಬರುತ್ತದೆ, ಆದರೆ ಮೇಲೇರುವಾಗ ಇಳಿಯುವಾಗ ಆ ವೇಗ ಇರುವುದಿಲ್ಲ, ನಮ್ಮ ರನ್‌ವೇ ಪೂರ್ವ-ಪಶ್ಚಿಮ ಇರುವುದರಿಂದ ಎದ್ದ ಮೇಲೆ ಉತ್ತರಕ್ಕೆ ತಿರುಗಲೂ ಬೇಕು. ಅದಕ್ಕೇ 50 ಅಂದೆ. ಟಿಕೆಟ್‌ನಲ್ಲಿ ಬರೆಯುವುದು ಬಾಗಿಲು ಹಾಕಿ ಹೊರಡುವುದರಿಂದ ಹಿಡಿದು ಅಲ್ಲಿ ಹೋಗಿ ನಿಲ್ಲುವವರೆಗಿನ ಹೊತ್ತು, ಅದು ಒಂದು ಗಂಟೆ ದಾಟುತ್ತದೆ.

ಆದರೆ ಇದೆಲ್ಲ ನೇರ ವಿಮಾನದ ಲೆಕ್ಕ, ಮುಖ್ಯವಾದ ಮಾತು ಇದೇ. ಸಣ್ಣ ನಿಲ್ದಾಣಗಳ ನಡುವಿನ ಹಾರಾಟ ಶುರುವಾಗುತ್ತವೆ, ನಿಲ್ಲುತ್ತವೆ. ಆ್ಯಪ್ ನಿಮಗೆ ಬೆಂಗಳೂರು ಅಥವಾ ಹೈದರಾಬಾದಿನಲ್ಲಿ ಬದಲಾಯಿಸುವ ಟಿಕೆಟ್ ತೋರಿಸಿದರೆ ದಯವಿಟ್ಟು ತಗೋಬೇಡಿ. ಮಂಡ್ಯದಿಂದ ಮಂಡಕಳ್ಳಿಗೇ 55 ಕಿ.ಮೀ. ಕಾರು, ಆಮೇಲೆ ತಪಾಸಣೆ, ನಡುವೆ ಗಂಟೆಗಟ್ಟಲೆ ಗಟ್ಟಿ ಕುರ್ಚಿ. ಸೊಂಟನೋವಿನವರಿಗೆ ಹಾರುವ ಹೊತ್ತಿಗಿಂತ ಈ ಕೂರುವ ಹೊತ್ತೇ ಜಾಸ್ತಿ ಕಷ್ಟ. ನನ್ನ ತಾಯಿಯನ್ನು ಹೀಗೆ ವಿಮಾನ ಬದಲಾಯಿಸಿ ಒಮ್ಮೆ ಕರೆದೊಯ್ದೆ. ಮನೆ ಮುಟ್ಟಿದ ಮೇಲೆ ಎರಡು ದಿನ ಅವರು ಮಲಗಿದ್ದಲ್ಲಿಂದ ಏಳಲಿಲ್ಲ, ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿದೆ.

ರಸ್ತೆಯಲ್ಲಿ ಹೋದರೆ 400 ಕಿ.ಮೀ. ಹತ್ತಿರ ಆಗುತ್ತದೆ, ಅಪ್ಪನಿಗೆ ಅದೂ ಬೇಡ. ಹಂಪಿ ಎಕ್ಸ್‌ಪ್ರೆಸ್ ನೋಡಿ. ಗುಂತಕಲ್ ಕಡೆ ಸುತ್ತಿಕೊಂಡು ಹೋಗುತ್ತದೆ ನಿಜ, ಆದರೆ ಸಂಜೆ ಮಂಡ್ಯದಲ್ಲೇ ಹತ್ತಿ ರಾತ್ರಿಯೆಲ್ಲ ಕಾಲು ಚಾಚಿ ಮಲಗಬಹುದು, ಬೆಳಿಗ್ಗೆ ಬಳ್ಳಾರಿ ದಾಟಿದರೆ ತೋರಣಗಲ್ಲು. ಬುಕ್ ಮಾಡುವಾಗ ಅಪ್ಪನ ವಯಸ್ಸು ಸರಿಯಾಗಿ ಹಾಕಿ. 60 ದಾಟಿದ್ದರೆ, ಖಾಲಿ ಇದ್ದಷ್ಟೂ ಕೆಳಗಿನ ಬರ್ತ್ ಅವರಿಗೇ ಸಿಗುತ್ತದೆ. ನೇರ ವಿಮಾನ ಸಿಕ್ಕಿದರೆ ಮಾತ್ರ ವಿಮಾನ, ಆಗ ಎಡಗಡೆ ಕಿಟಕಿ ಕೇಳಿ, ಕನ್ನಂಬಾಡಿ ನೋಡಿದರೆ ಅಪ್ಪನಿಗೆ ಖುಷಿಯಾಗುತ್ತದೆ ಅಲ್ವಾ.