‘ಬೋಲ್ಡ್‌ಮೊನೊ’ ಎಂಬ ಹೆಸರಿನ ಬಗ್ಗೆ

ಪ್ರಿಯರೆ,

ಬಾಗಲಕೋಟೆಯಿಂದ ನೀವು ಕಳಿಸಿದ, ಪುಟ ಜೋಡಿಸುವ ಲೇಟೆಕ್ ಸಾಫ್ಟ್‌ವೇರಿನಲ್ಲಿ, ಸಾಫ್ಟ್‌ವೇರ್ ಕೈಪಿಡಿಗೆ ನಮ್ಮದೇ ಮ್ಯಾಕ್ರೊ, ಅಂದರೆ ನಾವೇ ಹೆಸರಿಟ್ಟ ಕಮಾಂಡ್, ಮಾಡಿಕೊಳ್ಳುವ ಲೇಖನವನ್ನು ಎರಡು ಸಲ ಓದಿದೆ. ಇಂಥದ್ದನ್ನು ಕನ್ನಡದಲ್ಲಿ ಬರೆಯಲು ಕೂತಿರಲ್ಲ, ಸಂತೋಷ. ಭಾಷೆಯೂ ತಿಳಿಯಾಗಿದೆ. ಆದರೆ ಈಗಿರುವ ಹಾಗೆ ಅಚ್ಚಿಗೆ ಕೊಡಲಾರೆ. ಎರಡನೇ ಪುಟದ ಉದಾಹರಣೆ ನನ್ನನ್ನು ರಾತ್ರಿಯೆಲ್ಲ ಕೊರೆಯಿತು.

ಮೊದಲ ಸಾಲಿನಲ್ಲಿ, ಹೊಸ ಮ್ಯಾಕ್ರೊಗೆ ಹೆಸರಿಡುವ ನ್ಯೂಕಮಾಂಡ್ ಬಳಸಿ ‘ಬೋಲ್ಡ್‌ಮೊನೊ’ ಎಂಬ ಮ್ಯಾಕ್ರೊ ಮಾಡಿದ್ದೀರಿ. ಕೊಟ್ಟ ಪದವನ್ನು ಟೈಪ್‌ರೈಟರ್ ಅಕ್ಷರದಲ್ಲಿ, ದಪ್ಪಗೆ ಮೂಡಿಸುವುದು ಅದರ ಕೆಲಸ. ಮೂರನೇ ಸಾಲಿನಲ್ಲಿ ಅದರೊಳಗೆ ಫೈಲಿನ ಹೆಸರು. ಐದನೇ ಸಾಲಿನಲ್ಲಿ ‘ಉಳಿಸು’ ಬಟನ್. ಒಂಬತ್ತನೇ ಸಾಲಿನಲ್ಲಿ ಓದುಗ ಟೈಪ್ ಮಾಡಬೇಕಾದ ಕಮಾಂಡ್. ಮೂರಕ್ಕೂ ಒಂದೇ ಅಂಗಿ ತೊಡಿಸಿದ್ದೀರಿ. ನಾಳೆ ಬಟನ್ನುಗಳ ಸುತ್ತ ಮಾತ್ರ ಚೌಕಟ್ಟು ಬೇಕೆಂದರೆ ಏನು ಮಾಡುತ್ತೀರಿ? ಇಡೀ ಕೈಪಿಡಿ ಜಾಲಾಡಿ, ಒಂದೊಂದು ಬೋಲ್ಡ್‌ಮೊನೊ ಮುಂದೆ ನಿಂತು, ಇದು ಬಟನ್ನೋ ಫೈಲೋ ಎಂದು ಕೇಳಿಕೊಳ್ಳಬೇಕು.

‘ಫೈಲ್‌ನೇಮ್’, ‘ಬಟನ್’, ‘ಯೂಸರ್‌ಟೈಪ್’ ಎಂದು ಮೂರು ಮ್ಯಾಕ್ರೊ ಮಾಡಿ. ಇವತ್ತಿಗೆ ಮೂರೂ ಒಂದೇ ಥರ ಕಂಡರೂ ಅಡ್ಡಿಯಿಲ್ಲ. ಚೌಕಟ್ಟು ಬೇಕಾದಾಗ ‘ಬಟನ್’ ವ್ಯಾಖ್ಯೆಯ ಒಂದು ಸಾಲು ತಿದ್ದಿದರೆ ಆಯಿತು. ‘ಫೈಲ್‌ನೇಮ್’ ಒಳಗೆ ಇಂಡೆಕ್ಸ್ ಕಮಾಂಡನ್ನೂ ಸೇರಿಸಿಟ್ಟರೆ ಪದಸೂಚಿಗೆ ಬೇಕಾದ ಪುಟಸಂಖ್ಯೆಗಳೂ ಅಲ್ಲಿಂದಲೇ ಸಿಗುತ್ತವೆ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರ ಅಕ್ಷರಜೋಡಣೆಯ ಸಾಫ್ಟ್‌ವೇರ್ ಟೆಕ್ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಲೇಟೆಕ್ ಕಟ್ಟಿದಾಗ ಹಿಡಿದ ಹಟವೇ ಇದು: ಬರೆಯುವವರು ‘ಇದೇನು’ ಎಂದು ಹೇಳಲಿ, ‘ಹೇಗೆ ಕಾಣಬೇಕು’ ಎಂಬುದು ಬೇರೆ ಕಡೆ ಇರಲಿ.

ನಾನು ಇದನ್ನು ಕಲಿತದ್ದು ಕಂಪ್ಯೂಟರಿನಲ್ಲಲ್ಲ. ವಿಜಯಪುರವನ್ನು ಇನ್ನೂ ಬಿಜಾಪುರ ಅನ್ನುತ್ತಿದ್ದ ಕಾಲಕ್ಕೆ ಅಲ್ಲಿಯ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ಒಂದು ಸಂಘದ ವಾರ್ಷಿಕ ವರದಿ ಬಂದಿತ್ತು. ಹಸ್ತಪ್ರತಿಯಲ್ಲಿ ಕೆಂಪು ಗೆರೆ ಎಳೆದಿದ್ದ ಪದಗಳನ್ನೆಲ್ಲ ದಪ್ಪ ಮೊಳೆಯಲ್ಲಿ ಜೋಡಿಸಿದೆ. ಪ್ರೂಫ್ ನೋಡಿದ ಫೋರಮನ್ ಕಾಕಾ ಕೇಳಿದರು: “ಯಾಕ ದಪ್ಪ ಮಾಡೀಯೋ ತಮ್ಮಾ?”

“ಗೆರಿ ಎಳದಾರ್ರೀ ಕಾಕಾ.”

“ಗೆರಿ ಯಾಕ ಎಳದಾರ ಅಂತ ಕೇಳೀಯೇನು?”

ಕೇಳಿರಲಿಲ್ಲ. ಅರ್ಧ ಗೆರೆಗಳು ತಲೆಬರಹಕ್ಕೆ. ಉಳಿದರ್ಧ ‘ಈ ಅಂಕಿ ಇನ್ನೊಮ್ಮೆ ನೋಡಿ’ ಎಂಬ ಗುರುತು. ಆ ರಾತ್ರಿ ಚಿಮಟದಿಂದ ಒಂದೊಂದೇ ಮೊಳೆ ಕಿತ್ತು ಬದಲಿಸುವಾಗ ಬೆರಳ ತುದಿಗೆ ಅಂಟಿದ ಮಸಿ ವಾರವಾದರೂ ಹೋಗಲಿಲ್ಲ. ನಿಮ್ಮ ಬೋಲ್ಡ್‌ಮೊನೊ ನೋಡಿದಾಗ ನೆನಪಾದದ್ದು ಆ ಕೆಂಪು ಗೆರೆಗಳು.

ಇನ್ನೊಂದು, ಹದಿನಾಲ್ಕನೇ ಸಾಲು. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೆಸರಿಗೆ, ನ್ಯೂಕಮಾಂಡ್ ಬದಲು ಟೆಕ್‌ನ ಡೆಫ್ ಬಳಸಿ, ಸಣ್ಣಕ್ಷರದ ‘ಸಿ’ ಎಂಬ ಒಂದಕ್ಷರದ ಮ್ಯಾಕ್ರೊ ಮಾಡಿದ್ದೀರಿ. ಆ ಹೆಸರು ಲೇಟೆಕ್‌ನಲ್ಲಿ ಮೊದಲೇ ಇದೆ. ಫ್ರೆಂಚ್ ಪದಗಳಲ್ಲಿ ಸಿ ಅಕ್ಷರದ ಕೆಳಗೆ ಬರುವ ಬಾಲವನ್ನು (ç) ಅದು ಹಾಕುತ್ತದೆ. ನ್ಯೂಕಮಾಂಡ್ ಆಗಿದ್ದರೆ ‘ಈ ಹೆಸರು ಈಗಾಗಲೇ ಇದೆ’ ಎಂದು ತಡೆಯುತ್ತಿತ್ತು. ಡೆಫ್ ತುಟಿ ಪಿಟ್ಟೆನ್ನದೆ ಹಳೆಯದನ್ನು ಅಳಿಸಿಬಿಡುತ್ತದೆ. ಕೃತಜ್ಞತೆಯ ಪುಟದಲ್ಲಿ ಒಬ್ಬ ಫ್ರೆಂಚರ ಹೆಸರು ಬಂದರೆ ಬಾಲ ಹೋಗಿ, ನಡುವೆ ಒಂದು ದೊಡ್ಡ ಸಿ ಬಂದು ಕೂರುತ್ತದೆ. ಹೊಸಬರು ನಿಮ್ಮ ಸಾಲನ್ನು ಹಾಗೇ ನಕಲು ಮಾಡುತ್ತಾರೆ, ಅದಕ್ಕೇ ನನಗೆ ಇಷ್ಟು ಸಂಕಟ.

ತಿದ್ದಿ ಕಳಿಸಿ. ಜೊತೆಗೆ ‘ಬಟನ್’ಗೆ ಚೌಕಟ್ಟು ಹಾಕುವ ಮೊದಲಿನ ಒಂದು ಪುಟ, ಹಾಕಿದ ಮೇಲಿನ ಒಂದು ಪುಟ, ಎರಡನ್ನೂ ಕಾಗದದ ಮೇಲೆ ಮುದ್ರಿಸಿ ಲಕೋಟೆಯಲ್ಲಿಡಿ. ಲೇಖನದ ಪಕ್ಕದಲ್ಲೇ ಹಾಕೋಣ.

ನಿಮ್ಮ
ಸಂಪಾದಕ